ಡಚ್ ಆಗುವುದು ಅಂದರೆ ಏನು? ಪೌರತ್ವ, ಎರಡನೇ ಪಾಸ್‌ಪೋರ್ಟ್, ಮುಗಿಯದ ಜಗಳ

ವೆಲ್ಡ್‌ಹೋವನ್ ವಾಸಿ

ಎಲ್ಲರಿಗೂ ನಮಸ್ಕಾರ. ನೆದರ್ಲ್ಯಾಂಡ್ಸ್‌ನಲ್ಲಿ ಐದು ವರ್ಷ ತುಂಬಿದವರು ಇಲ್ಲಿ ಬಹಳ ಜನ ಇದ್ದೀರಿ. ಪೌರತ್ವಕ್ಕೆ ಅರ್ಜಿ ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆ ಆಗಾಗ ಬರುತ್ತದೆ. ಆದರೆ ಮಾತೆಲ್ಲ ಶುಲ್ಕ, ಪರೀಕ್ಷೆ, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ) ಕಾರ್ಡಿನಲ್ಲೇ ಮುಗಿದುಹೋಗುತ್ತದೆ. ಈ ದೇಶದವರು ಪೌರತ್ವದ ಬಗ್ಗೆ ಇಪ್ಪತ್ತೈದು ವರ್ಷದಿಂದ ಯಾಕೆ ಇಷ್ಟು ಕಿತ್ತಾಡುತ್ತಿದ್ದಾರೆ ಅಂತ ನಾವು ಕೇಳಿಕೊಳ್ಳುವುದೇ ಇಲ್ಲ. ನಾಳೆ ನಾವು ಸೇರಲಿರುವ ಮನೆಯ ಜಗಳ ಅದು. ತಿಳಿದುಕೊಂಡು ಸೇರುವುದು ಒಳ್ಳೆಯದು ಅಂತ ನನ್ನ ಭಾವನೆ.

2024ರ ಸಮ್ಮಿಶ್ರ ಸರ್ಕಾರದ ಒಪ್ಪಂದದಲ್ಲಿ, ಪೌರತ್ವ ಕೇಳಲು ಇಲ್ಲಿ ವಾಸವಿರಬೇಕಾದ ಐದು ವರ್ಷದ ಅವಧಿಯನ್ನು ಹತ್ತು ಮಾಡಬೇಕು, ಭಾಷೆಯ ಮಟ್ಟ ಏರಿಸಬೇಕು ಅಂತ ಬರೆದಿದ್ದರು. ಆ ಸರ್ಕಾರ 2025ರ ಜೂನ್‌ನಲ್ಲಿ ಬಿದ್ದುಹೋಯಿತು. ಅದಕ್ಕೂ ಮುಂಚೆ ಐದನ್ನು ಏಳು ಮಾಡುವ ಮಸೂದೆ ಬಂದಿತ್ತು. ಕೆಳಮನೆ ಒಪ್ಪಿತು, 2017ರಲ್ಲಿ ಮೇಲ್ಮನೆ ತಿರಸ್ಕರಿಸಿತು. ಅಂದರೆ ಇದು ಒಂದು ಪಕ್ಷದ ಹುಚ್ಚು ಅಲ್ಲ. ಮತ್ತೆ ಮತ್ತೆ ಬರುವ ವಿಷಯ.

ನನ್ನ ಅನಿಸಿಕೆ ನೇರವಾಗಿ ಹೇಳಿಬಿಡುತ್ತೇನೆ. ಟಿವಿಯಲ್ಲಿ ಕೂತವರು ‘ಡಚ್ ಸಂಸ್ಕೃತಿ ಯಾವುದು’ ಅಂತ ಚರ್ಚೆ ಮಾಡುತ್ತಾರೆ. ಕೊನೆಗೆ ತೀರ್ಮಾನ ಆಗುವುದು ಇನ್ನೊಂದು ವಿಷಯ: ಯಾರ ಪೌರತ್ವಕ್ಕೆ ಷರತ್ತು ಇರಬೇಕು, ಯಾರದ್ದಕ್ಕೆ ಬೇಡ. ಈ ಮಣ್ಣಿನಲ್ಲೇ ಹುಟ್ಟಿದ ಮೊರಾಕ್ಕೊ ಮೂಲದ ಹುಡುಗಿ ಜೀವನಪೂರ್ತಿ ಸಾಬೀತು ಮಾಡುತ್ತಾ ಇರಬೇಕು. ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ಡಚ್ ರೈತನ ಮಗನನ್ನು ಯಾರೂ ಹಾಗೆ ಕೇಳುವುದಿಲ್ಲ. ನಿಮಗೆಲ್ಲ ಏನನ್ನಿಸುತ್ತದೆ?

ಕೋಲಾರದ ಹುಡುಗ

ಸರ್, ಪೂರ್ತಿ ಒಪ್ಪಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದರೂ ‘ಕನ್ನಡ ಗೊತ್ತಿಲ್ಲ’ ಅಂತ ಹೇಳಿಕೊಂಡೇ ಓಡಾಡುವವರ ಬಗ್ಗೆ ನಮಗೆಲ್ಲ ಎಷ್ಟು ಬೇಸರ ಆಗುತ್ತದೆ, ಅಲ್ವಾ? ಐಂಡ್‌ಹೋವನ್‌ನಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ಅಂಗಡಿಯಲ್ಲೂ ಇಂಗ್ಲಿಷ್. ಇಲ್ಲಿನ ಅಜ್ಜಿಯೊಬ್ಬರಿಗೆ ತನ್ನ ಬೀದಿಯ ಕಾಫಿ ಅಂಗಡಿಯಲ್ಲಿ ತನ್ನ ಭಾಷೆಯಲ್ಲಿ ಕಾಫಿ ಕೇಳಲು ಆಗದಿದ್ದರೆ ಅವರಿಗೆ ನೋವಾಗುವುದು ಸಹಜ. ಅದನ್ನು ಸುಮ್ನೆ ಜನಾಂಗದ್ವೇಷ ಅಂತ ತಳ್ಳಿಹಾಕಬಾರದು.

ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಜಾಸ್ತಿ ಆಯಿತು ಅಂತ ಸರ್ಕಾರ ಕಾನೂನು ತರಲು ಹೊರಟಿತಲ್ಲ, ಅದರ ಹಿಂದೆ ಇದೇ ಆತಂಕ ಇದೆ. ಸುತ್ತ ಜರ್ಮನ್, ಫ್ರೆಂಚ್, ಇಂಗ್ಲಿಷ್ ಅಂಥ ದೊಡ್ಡ ಭಾಷೆಗಳಿವೆ. ನಡುವೆ ಇರುವ ಭಾಷೆಯವರಿಗೆ ಅದರ ಚಿಂತೆ ಇರುತ್ತದೆ. ಕನ್ನಡದವರಾಗಿ ನಮಗೇ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು?

ಇತಿಹಾಸಪ್ರಿಯ, ಧಾರವಾಡ

ಇಬ್ಬರ ಮಾತಿಗೂ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಉದ್ದ ಆಗಬಹುದು, ಕ್ಷಮಿಸಿ.

ಈ ದೇಶ ಯಾವತ್ತೂ ಒಂದೇ ಸಂಸ್ಕೃತಿಯದ್ದಾಗಿರಲಿಲ್ಲ. 20ನೇ ಶತಮಾನದ ಅರ್ಧಕ್ಕೂ ಹೆಚ್ಚು ಕಾಲ ಪ್ರಾಟೆಸ್ಟೆಂಟರು, ಕ್ಯಾಥೊಲಿಕರು, ಸಮಾಜವಾದಿಗಳು ತಮ್ಮ ತಮ್ಮ ಗುಂಪಿನೊಳಗೇ ಬದುಕಿದರು. ಲಿಬರಲ್ ಮಂದಿಯದ್ದೂ ಒಂದು ಬಳಗ. ಶಾಲೆ ಬೇರೆ, ಪತ್ರಿಕೆ ಬೇರೆ, ರೇಡಿಯೊ ಬೇರೆ, ಫುಟ್‌ಬಾಲ್ ಕ್ಲಬ್ ಕೂಡ ಬೇರೆ. ಮೇಲೆ ನಾಯಕರು ಕೂತು ಹೊಂದಾಣಿಕೆ ಮಾಡಿಕೊಳ್ಳುತ್ತಿದ್ದರು. ಧರ್ಮದ ಆಧಾರದ ಶಾಲೆಗೂ ಸರ್ಕಾರದ ಪೂರ್ತಿ ಹಣ ಸಿಗುವ ವ್ಯವಸ್ಥೆ 1917ರಿಂದ ಸಂವಿಧಾನದಲ್ಲೇ ಇದೆ. ಇವತ್ತು ಮುಸ್ಲಿಂ ಶಾಲೆಗಳು ನಡೆಯುತ್ತಿರುವುದೂ ಅದೇ ವಿಧಿಯ ಅಡಿಯಲ್ಲಿ. 1960ರ ದಶಕದ ನಂತರ ಆ ಗುಂಪುಗಳು ಕರಗಿದವು. ಜನ ಚರ್ಚ್ ಬಿಟ್ಟರು. ಅದೇ ಹೊತ್ತಿಗೆ ಟರ್ಕಿ ಮತ್ತು ಮೊರಾಕ್ಕೊದಿಂದ ಕೆಲಸಗಾರರನ್ನು ಕರೆಸಿಕೊಂಡರು. ಟರ್ಕಿ ಜೊತೆ ಒಪ್ಪಂದ ಆಗಿದ್ದು 1964ರಲ್ಲಿ, ಮೊರಾಕ್ಕೊ ಜೊತೆ 1969ರಲ್ಲಿ. ಅವರು ವಾಪಸ್ ಹೋಗುತ್ತಾರೆ ಅಂತ ಸರ್ಕಾರವೂ ನಂಬಿತ್ತು, ಎಷ್ಟೋ ಜನ ಕೆಲಸಗಾರರೂ ನಂಬಿದ್ದರು. ಹಾಗಾಗಿ ಅವರಿಗೆ ಭಾಷೆ ಕಲಿಸುವ ಗೋಜಿಗೆ ಹೆಚ್ಚು ಯಾರೂ ಹೋಗಲಿಲ್ಲ.

2000ದ ಜನವರಿಯಲ್ಲಿ ಪಾಲ್ ಶೆಫರ್ ಅನ್ನುವ ಲೇಖಕರು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಲಸೆ ಬಂದವರ ಮಕ್ಕಳು ಹಿಂದೆ ಬೀಳುತ್ತಿದ್ದಾರೆ, ನಾವು ನೋಡಿಯೂ ನೋಡದಂತೆ ಇದ್ದೇವೆ ಅನ್ನುವುದು ಅದರ ಸಾರ. ಅವರು ಎಡಪಂಥದ ಕಡೆಯವರು, ಹಾಗಾಗಿ ಮಾತು ಜೋರಾಗಿ ತಟ್ಟಿತು. 2002ರ ಮೇ 6ರಂದು, ಚುನಾವಣೆಗೆ ಒಂಬತ್ತು ದಿನ ಇರುವಾಗ, ಹಿಲ್ವರ್ಸಮ್‌ನಲ್ಲಿ ವಲಸೆಯನ್ನು ವಿರೋಧಿಸುತ್ತಿದ್ದ ರಾಜಕಾರಣಿ ಪಿಮ್ ಫೋರ್ಟೌನ್ ಅವರ ಕೊಲೆಯಾಯಿತು. ಕೊಂದವನು ಇಲ್ಲಿನ ಬಿಳಿಯನೇ, ಪರಿಸರ ಕಾರ್ಯಕರ್ತ. 2004ರ ನವೆಂಬರ್ 2ರಂದು ಆಮ್‌ಸ್ಟರ್‌ಡ್ಯಾಮ್ ಬೀದಿಯಲ್ಲಿ ಇಸ್ಲಾಂ ಟೀಕಿಸುತ್ತಿದ್ದ ಸಿನಿಮಾ ನಿರ್ದೇಶಕ ಥಿಯೋ ವಾನ್ ಗೋಗ್ ಅವರ ಕೊಲೆ. ಈ ಸಲ ಕೊಂದವನು ಅದೇ ನಗರದಲ್ಲಿ ಹುಟ್ಟಿ ಬೆಳೆದ ಮೊರಾಕ್ಕೊ ಮೂಲದ ಯುವಕ. ಅಲ್ಲಿಂದ ದೇಶದ ದನಿಯೇ ಬದಲಾಯಿತು. ಪೌರತ್ವ ಸಮಾರಂಭ, ಬರುವ ಮೊದಲೇ ರಾಯಭಾರ ಕಚೇರಿಯಲ್ಲಿ ಪರೀಕ್ಷೆ, ಎಲ್ಲರೂ ತಿಳಿದಿರಬೇಕಾದ ದೇಶದ ಇತಿಹಾಸದ 50 ವಿಷಯಗಳ ಪಟ್ಟಿ, ಎಲ್ಲವೂ 2006ರಲ್ಲೇ ಬಂದವು. ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯ ಕಟ್ಟಬೇಕು ಅಂತಲೂ ಹೊರಟರು. ಎಲ್ಲಿ, ಹೇಗೆ ಅಂತ ಜಗಳವಾಡಿ ಕೊನೆಗೆ 2011ರಲ್ಲಿ ಹಣ ನಿಲ್ಲಿಸಿದರು.

ಆ 50ರ ಪಟ್ಟಿಯನ್ನು 2020ರಲ್ಲಿ ಪರಿಷ್ಕರಿಸಿದ ಸಮಿತಿಯ ಅಧ್ಯಕ್ಷ ಜೇಮ್ಸ್ ಕೆನೆಡಿ, ಅಮೆರಿಕದಲ್ಲಿ ಹುಟ್ಟಿದ ಇತಿಹಾಸಕಾರ. ವಸಾಹತುಶಾಹಿಯ ವಿರುದ್ಧ ಬರೆದ, ಹಿಂದೆ ಡಚ್ ವಸಾಹತಾಗಿದ್ದ ದಕ್ಷಿಣ ಅಮೆರಿಕದ ಸುರಿನಾಮ್‌ನ ಆಂಟೊನ್ ಡೆ ಕೊಮ್ ಆ ಪಟ್ಟಿಗೆ ಸೇರಿದ್ದು ಆಗಲೇ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಶಿರಸಿ ಸೀಮೆ

ರಾಣಿ ಮಾಕ್ಸಿಮಾ ಅವರೂ ಈ ಬಗ್ಗೆ ಏನೋ ಹೇಳಿ ದೊಡ್ಡ ಗಲಾಟೆ ಆಗಿತ್ತಲ್ಲ, ಅದು ಯಾವಾಗ?

ಇತಿಹಾಸಪ್ರಿಯ, ಧಾರವಾಡ

2007ರ ಸೆಪ್ಟೆಂಬರ್ 24. ಆಗ ಅವರು ಯುವರಾಜನ ಪತ್ನಿ. ಸರ್ಕಾರದ ಸಲಹಾ ಮಂಡಳಿಯೊಂದರ ವರದಿ ಬಿಡುಗಡೆ ಆಗುತ್ತಿತ್ತು. ಏಳು ವರ್ಷದಿಂದ ಹುಡುಕುತ್ತಿದ್ದೇನೆ, ‘ಇದೇ ಡಚ್ ಗುರುತು’ ಅನ್ನುವಂಥದ್ದು ಸಿಗಲಿಲ್ಲ ಅನ್ನುವ ಅರ್ಥದ ಮಾತು ಆಡಿದರು. ಪರದೆ ಇಲ್ಲದ ದೊಡ್ಡ ಕಿಟಕಿಗಳೂ ಇವೆ, ಖಾಸಗಿತನದ ಆಸೆಯೂ ಇದೆ. ಚಹಾ ಜೊತೆ ಒಂದೇ ಬಿಸ್ಕತ್ತು ಕೊಡುವುದೂ ಇದೆ, ಅಪಾರ ಆತಿಥ್ಯವೂ ಇದೆ. ಹೀಗೆ ಸಾಗಿತು ಭಾಷಣ. ಅರ್ಜೆಂಟೀನಾದವಳು ನಮ್ಮ ಗುರುತೇ ಇಲ್ಲ ಅಂದಳು ಅಂತ ಕೋಪ ಮಾಡಿಕೊಂಡವರು ಬಹಳ. ಪೂರ್ತಿ ಓದಿದರೆ ಅದು ಪ್ರೀತಿಯ ಭಾಷಣ.

ವಕೀಲೆ, ಹೇಗ್

ಮಾಕ್ಸಿಮಾ ವಿಷಯ ಬಂದಿದ್ದು ಒಳ್ಳೆಯದಾಯಿತು. ಮೂಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇಲ್ಲಿನ ಕಾನೂನಿನ ಪ್ರಕಾರ ಪೌರತ್ವ ಪಡೆಯುವವರು ಹಳೆಯ ಪೌರತ್ವ ಬಿಡಬೇಕು. 1992ರಿಂದ 1997ರವರೆಗೆ ಈ ಷರತ್ತು ಸಡಿಲವಾಗಿತ್ತು, ಆಮೇಲೆ ಮತ್ತೆ ಬಂತು. ವಿನಾಯಿತಿಗಳೂ ಇವೆ. ಡಚ್ ಪ್ರಜೆಯನ್ನು ಮದುವೆಯಾದವರಿಗೆ, ನಿರಾಶ್ರಿತರಿಗೆ, ಹಾಗೇ ತಮ್ಮ ದೇಶದ ಕಾನೂನೇ ಪೌರತ್ವ ಬಿಡಲು ಬಿಡದವರಿಗೆ. ಅರ್ಜೆಂಟೀನಾ ಬಿಡುವುದಿಲ್ಲ. ಮೊರಾಕ್ಕೊ ಕೂಡ ಬಿಡುವುದಿಲ್ಲ. ಮೊರಾಕ್ಕೊ ಪ್ರಜೆಯ ಮಗು ಎಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಮೊರಾಕ್ಕೊದ್ದು.

ಈಗ ನೋಡಿ. ಮಾಕ್ಸಿಮಾ ಅವರಿಗೆ ಎರಡು ಪೌರತ್ವ. ಮೊರಾಕ್ಕೊ ಮೂಲದ ರಾಜಕಾರಣಿ ಅಹ್ಮದ್ ಅಬೂತಾಲೆಬ್ ಅವರಿಗೂ ಎರಡು. 2007ರಲ್ಲಿ ಅಬೂತಾಲೆಬ್ ಮತ್ತು ಟರ್ಕಿ ಮೂಲದ ನೆಬಹತ್ ಅಲ್ಬಾಯ್ರಾಕ್ ಕಿರಿಯ ಸಚಿವರಾದಾಗ, ಎರಡು ಪಾಸ್‌ಪೋರ್ಟ್ ಇರುವವರು ಸರ್ಕಾರದಲ್ಲಿ ಇರಬಾರದು ಅಂತ ವಲಸೆ ವಿರೋಧಿ ಪಕ್ಷದ ನಾಯಕ ಗೀರ್ಟ್ ವಿಲ್ಡರ್ಸ್ ಸಂಸತ್ತಿನಲ್ಲಿ ಎದ್ದು ನಿಂತರು. ಉಳಿದ ಪಕ್ಷಗಳು ಅವರ ಅವಿಶ್ವಾಸ ಸೂಚನೆಗೆ ಕೈಜೋಡಿಸಲಿಲ್ಲ. ಅಬೂತಾಲೆಬ್ ಮುಂದೆ 2009ರಿಂದ 2024ರವರೆಗೆ ರಾಟರ್‌ಡ್ಯಾಮ್ ಮೇಯರ್ ಆಗಿದ್ದರು. ಆದರೆ ‘ನಿನ್ನ ನಿಷ್ಠೆ ಎಲ್ಲಿ’ ಅನ್ನುವ ಪ್ರಶ್ನೆ ಅವರನ್ನು ಬಿಟ್ಟು ಹೋಗಿದ್ದೇ ಇಲ್ಲ. ಕಳಚಲು ದಾರಿಯೇ ಇಲ್ಲದ ಪೌರತ್ವವನ್ನು ಇಟ್ಟುಕೊಂಡಿದ್ದೀಯ ಅಂತ ಬೈಯುವುದು ನ್ಯಾಯವೇ?

ನಮ್ಮದು ಇನ್ನೊಂದು ಥರ. ಬೇರೆ ದೇಶದ ಪೌರತ್ವ ತಗೊಂಡ ಕ್ಷಣವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಹಾಗಾಗಿ ನಾವು ಒಂದೇ ಪೌರತ್ವದವರು, ಶುದ್ಧ. ಅದರಲ್ಲಿ ನಮ್ಮ ನಿಷ್ಠೆಯ ಸಾಧನೆ ಏನೂ ಇಲ್ಲ. ದೆಹಲಿಯ ಕಾನೂನು ಹಾಗಿದೆ, ಮೊರಾಕ್ಕೊ ರಾಜಧಾನಿ ರಬಾತ್‌ನ ಕಾನೂನು ಹೀಗಿದೆ, ಅಷ್ಟೇ.

ಇದರ ಪರಿಣಾಮ ಬರೀ ಮಾತಿನಲ್ಲಿ ಉಳಿಯುವುದಿಲ್ಲ. 2017ರ ಮಾರ್ಚ್‌ನಿಂದ ಇನ್ನೊಂದು ಕಾನೂನು ಇದೆ. ಹೊರದೇಶದ ಉಗ್ರ ಸಂಘಟನೆ ಸೇರಿದವರ ಪೌರತ್ವವನ್ನು ಶಿಕ್ಷೆ ಆಗುವ ಮೊದಲೇ ಸಚಿವರು ಕಿತ್ತುಕೊಳ್ಳಬಹುದು. ಆದರೆ ಯಾರನ್ನೂ ದೇಶವಿಲ್ಲದವರನ್ನಾಗಿ ಮಾಡುವ ಹಾಗಿಲ್ಲ. ಹಾಗಾಗಿ ಎರಡು ಪೌರತ್ವ ಇರುವವರಿಗೆ ಮಾತ್ರ ಅದು ಅನ್ವಯ. ಒಂದೇ ಅಪರಾಧ, ಒಬ್ಬನಿಗೆ ಜೈಲು, ಇನ್ನೊಬ್ಬನಿಗೆ ಗಡೀಪಾರು. ಸಂವಿಧಾನದ ಮೊದಲ ವಿಧಿ ಸಮಾನತೆಯದ್ದು. ನನಗೆ ಈ ಕಾನೂನನ್ನು ಅದರ ಪಕ್ಕ ಇಟ್ಟು ಓದಲು ಕಷ್ಟವಾಗುತ್ತದೆ.

ಕೋಲಾರದ ಹುಡುಗ

ಮೇಡಂ, ಉಗ್ರರ ಜೊತೆ ಸೇರಲು ಹೋದವರಿಗೆ ನಾನು ಕನಿಕರ ತೋರಿಸಲಾರೆ. ಆದರೆ ನೀವು ಹೇಳಿದ ಸಮಾನತೆಯ ಮಾತು ಒಪ್ಪುತ್ತೇನೆ. ಶಿಕ್ಷೆ ಎಲ್ಲರಿಗೂ ಒಂದೇ ಇರಲಿ.

ಭಾಷೆಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಅದೇ. ಕಲಿಯಲೇಬೇಕು.

ಉಟ್ರೆಕ್ಟ್ ಅಕ್ಕ

ಕಲಿಯಬೇಕು ತಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಿಗೆ ಆ ಒತ್ತಾಯ ಇದೆ ಅಂತಲೂ ನೋಡು. ಮೊರಾಕ್ಕೊದ ಹಳ್ಳಿಯ ಹೆಂಡತಿ ಗಂಡನ ಹತ್ತಿರ ಬರಬೇಕಾದರೆ ಅಲ್ಲೇ ರಾಯಭಾರ ಕಚೇರಿಯಲ್ಲಿ ಡಚ್ ಪರೀಕ್ಷೆ ಪಾಸಾಗಬೇಕು. ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯಾದವರಿಗೆ ಆ ಪರೀಕ್ಷೆ ಇಲ್ಲ. ನಮ್ಮಂಥ ಐಟಿ ಕೆಲಸದ ವೀಸಾದವರ ಹೆಂಡತಿ-ಮಕ್ಕಳಿಗೂ ಇಲ್ಲ. ಇಲ್ಲಿಗೆ ಬಂದ ಮೇಲೆ ನಿರಾಶ್ರಿತರಿಗೆ ಕಡ್ಡಾಯ ತರಗತಿ, ತಪ್ಪಿದರೆ ದಂಡ. ನಮಗೆ ಅದೂ ಇಲ್ಲ, ಬದಲಿಗೆ ತೆರಿಗೆ ರಿಯಾಯಿತಿ. ಭಾಷೆಯ ಮೇಲಿನ ಪ್ರೀತಿಯೇ ಕಾರಣವಾಗಿದ್ದರೆ ಎಲ್ಲರಿಗಿಂತ ಮೊದಲು ನಮ್ಮನ್ನು ಕೂರಿಸಿ ಕಲಿಸಬೇಕಿತ್ತು.

ನಾನು ಹೇಳಲು ಬಂದದ್ದು ಇನ್ನೊಂದು. ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ಭತ್ಯೆಯ ಹಗರಣ ನೆನಪಿದೆಯಾ? ಹತ್ತಾರು ಸಾವಿರ ಪೋಷಕರನ್ನು ತೆರಿಗೆ ಇಲಾಖೆ ಮೋಸಗಾರರು ಅಂತ ತಪ್ಪಾಗಿ ಗುರುತಿಸಿತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋದರೂ ವರ್ಷಗಳ ಭತ್ಯೆಯನ್ನು ಪೂರ್ತಿ ವಾಪಸ್ ಕೇಳಿತು. ಮನೆ ಹೋಯಿತು, ಸಂಸಾರ ಒಡೆಯಿತು, ಕೆಲವರ ಮಕ್ಕಳನ್ನು ಬೇರೆಡೆ ಇರಿಸಿದರು. ಯಾರ ಅರ್ಜಿಯನ್ನು ಹೆಚ್ಚು ಪರಿಶೀಲಿಸಬೇಕು ಅಂತ ಕಂಪ್ಯೂಟರ್ ಹೇಳುತ್ತಿತ್ತು. ಅದು ನೋಡುತ್ತಿದ್ದ ಅಂಶಗಳಲ್ಲಿ ಒಂದು, ಅರ್ಜಿದಾರ ಡಚ್ ಪ್ರಜೆ ಹೌದೋ ಅಲ್ಲವೋ ಅನ್ನುವುದು. ದಾಖಲೆಯಲ್ಲಿ ಇರಲೇಬಾರದಾಗಿದ್ದ ಎರಡನೇ ಪೌರತ್ವದ ಮಾಹಿತಿ 2018ರಲ್ಲೂ ಸುಮಾರು 14 ಲಕ್ಷ ಜನರದ್ದು ಇಲಾಖೆಯ ಬಳಿ ಇತ್ತು. ಖಾಸಗಿ ಮಾಹಿತಿ ಕಾಯುವ ಪ್ರಾಧಿಕಾರ ಇದು ಕಾನೂನುಬಾಹಿರ, ತಾರತಮ್ಯ ಅಂತ 2020ರಲ್ಲಿ ಹೇಳಿತು. ಮರುವರ್ಷ 27.5 ಲಕ್ಷ ಯೂರೋ ದಂಡ ಹಾಕಿತು. 2021ರ ಜನವರಿ 15ರಂದು ಇದೇ ಹಗರಣದಿಂದಾಗಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. ತೆರಿಗೆ ಇಲಾಖೆಯಲ್ಲಿ ಸಾಂಸ್ಥಿಕ ಜನಾಂಗೀಯತೆ ಇತ್ತು ಅಂತ 2022ರಲ್ಲಿ ಸರ್ಕಾರವೇ ಒಪ್ಪಿಕೊಂಡಿತು.

ಆ ತಾಯಂದಿರಲ್ಲಿ ಎಷ್ಟೋ ಜನ ಡಚ್ ಮಾತಾಡುವವರು, ಇಲ್ಲೇ ಓದಿದವರು, ತೆರಿಗೆ ಕಟ್ಟಿದವರು. ಹೊಂದಿಕೊಳ್ಳಿ ಅಂದರು, ಹೊಂದಿಕೊಂಡರು. ಆದರೂ ಮೋಸಗಾರರ ಪಟ್ಟಿಯಲ್ಲಿ ಹೆಸರು ಬಂತು. ನನಗೆ ಇದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ವೆಲ್ಡ್‌ಹೋವನ್ ವಾಸಿ

ಅಕ್ಕ, ನಾನು ಹೇಳಲು ಹೊರಟಿದ್ದನ್ನು ನೀವು ನನಗಿಂತ ಚೆನ್ನಾಗಿ ಹೇಳಿದಿರಿ. 2017ರ ಜನವರಿಯಲ್ಲಿ, ಚುನಾವಣೆ ಹತ್ತಿರ ಇರುವಾಗ, ರುಟ್ಟೆ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಬರೆದಿದ್ದರು. ಸರಿಯಾಗಿ ನಡೆದುಕೊಳ್ಳಿ, ಇಲ್ಲವಾದರೆ ಹೊರಡಿ ಅನ್ನುವುದು ಅದರ ಸಾರ. ಅದೇ ವರ್ಷಗಳಲ್ಲಿ ಅವರ ಸರ್ಕಾರದ ಇಲಾಖೆ ಈ ಕುಟುಂಬಗಳ ಜೊತೆ ಹೇಗೆ ನಡೆದುಕೊಳ್ಳುತ್ತಿತ್ತು ಅಂತ ಈಗ ಎಲ್ಲರಿಗೂ ಗೊತ್ತು.

ಹೇಗ್ ಕನ್ನಡತಿ

ಭಾರತದ ಕಡೆಯಿಂದ ನೋಡುವವರು ಒಂದು ಅಧ್ಯಾಯ ಮರೆಯುತ್ತಿದ್ದೀರಿ. ನಾನಿರುವ ಹೇಗ್ ನಗರದಲ್ಲಿ ಹಿಂದೂಸ್ತಾನಿಗಳ ದೊಡ್ಡ ಸಮುದಾಯವೇ ಇದೆ. ಹೊಬ್ಬೆಮಾಪ್ಲೈನ್ ಚೌಕದಲ್ಲಿ ಗಾಂಧಿ ಪ್ರತಿಮೆ ಇದೆ. ಸುತ್ತಮುತ್ತ ರೊಟ್ಟಿ ಅಂಗಡಿಗಳು, ಸೀರೆ ಅಂಗಡಿಗಳು. ಇವರು ಭಾರತದಿಂದ ನೇರ ಬಂದವರಲ್ಲ. 1863ರ ಜುಲೈ 1ರಂದು ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ತೋಟಗಳಲ್ಲೇ ದುಡಿಯಬೇಕಾಯಿತು. ಆ ಅವಧಿ ಮುಗಿಯುವ ಹೊತ್ತಿಗೆ ಕೂಲಿಗಳು ಬೇಕಿತ್ತು. ಬ್ರಿಟಿಷರ ಜೊತೆ ಒಪ್ಪಂದ ಮಾಡಿಕೊಂಡರು. 1873ರ ಜೂನ್ 5ರಂದು ಭಾರತದ ಕೂಲಿಗಳಿದ್ದ ಲಲ್ಲಾ ರೂಖ್ ಹಡಗು ಸುರಿನಾಮ್ ರಾಜಧಾನಿ ಪಾರಾಮಾರಿಬೊ ಮುಟ್ಟಿತು. 1916ರವರೆಗೆ ಸುಮಾರು 34,000 ಜನ ಹೋದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು.

1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಯಿತು. ಅವತ್ತು ಯಾರು ಎಲ್ಲಿ ವಾಸವಿದ್ದರು ಅನ್ನುವುದರ ಮೇಲೆ ಪೌರತ್ವ ಹಂಚಿದರು. ನೆದರ್ಲ್ಯಾಂಡ್ಸ್‌ನಲ್ಲಿ ಇದ್ದವನು ಡಚ್ ಆಗಿ ಉಳಿದ. ಪಾರಾಮಾರಿಬೊದಲ್ಲಿ ಇದ್ದ ಅವನ ತಮ್ಮ ಸುರಿನಾಮ್ ಪ್ರಜೆಯಾದ. ಅದಕ್ಕೇ ಆ ದಿನ ಬರುವ ಮೊದಲೇ ಸಾವಿರಾರು ಜನ ವಿಮಾನ ಹತ್ತಿದರು. ಹಿಂದಿನ ದಿನದವರೆಗೆ ಅವರೆಲ್ಲ ಡಚ್ ಪ್ರಜೆಗಳೇ. ಅವರನ್ನೂ ಇಲ್ಲಿ ‘ಹೊರಗಿನವರು’ ಅಂತಲೇ ಎಣಿಸಿದರು.

ಇಂಡೊನೇಷ್ಯಾದ ಮೊಲುಕ್ಕಾ ದ್ವೀಪಗಳ ಮೂಲದ ಮೊಲುಕ್ಕನ್ನರ ಕಥೆ ಇನ್ನೂ ಕಠಿಣ. ಇಂಡೊನೇಷ್ಯಾದಲ್ಲಿ ಡಚ್ ವಸಾಹತು ಸೇನೆಗಾಗಿ ಹೋರಾಡಿದ ಸೈನಿಕರು ಅವರು. 1951ರಲ್ಲಿ ಕುಟುಂಬ ಸಮೇತ ಸುಮಾರು 12,500 ಜನರನ್ನು ಹಡಗಿನಲ್ಲಿ ಕರೆತಂದರು. ಸ್ವಲ್ಪ ದಿನ ಇದ್ದು ವಾಪಸ್ ಹೋಗುತ್ತೀರಿ ಅಂದರು. ಬಂದಿಳಿದ ಮೇಲೆ ಸೇನೆಯಿಂದ ತೆಗೆದುಹಾಕಿದರು. ಕೆಲವರನ್ನು ಇರಿಸಿದ್ದು ವೆಸ್ಟರ್‌ಬೋರ್ಕ್‌ನಲ್ಲಿ. ಯುದ್ಧದ ಕಾಲದಲ್ಲಿ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಕಳಿಸುವ ಮೊದಲು ಕೂಡಿಹಾಕಿದ್ದ ಜಾಗ ಅದು. ಬಹಳ ಜನ ವರ್ಷಗಟ್ಟಲೆ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. 1970ರ ದಶಕದಲ್ಲಿ ಅವರ ಮಕ್ಕಳಲ್ಲಿ ಕೆಲವರು ರೈಲು ಅಪಹರಿಸಿದರು, ಅಮಾಯಕರು ಸತ್ತರು. ಅದನ್ನು ಯಾರೂ ಸಮರ್ಥಿಸಲಾಗದು. ಆದರೆ ರಾಣಿಗೆ ಪ್ರಮಾಣ ಮಾಡಿ ದುಡಿದ ಸೈನಿಕನಿಗೇ ಪೌರತ್ವ ಸಿಗಲಿಲ್ಲ ಅಂದಮೇಲೆ, ನಿಷ್ಠೆ ತೋರಿಸಿದರೆ ಜಾಗ ಸಿಗುತ್ತದೆ ಅನ್ನುವ ಮಾತನ್ನು ನಂಬುವುದು ಹೇಗೆ?

ಶಿರಸಿ ಸೀಮೆ

ಇದೆಲ್ಲ ಓದಿ ಮನಸ್ಸು ಭಾರವಾಯಿತು. ಆದರೂ ಬದಲಾವಣೆ ಆಗಿದೆ ಅಂತಲೂ ಹೇಳಬೇಕು. ಸಿಂಟರ್‌ಕ್ಲಾಸ್ ಅನ್ನುವ, ಮಕ್ಕಳಿಗೆ ಉಡುಗೊರೆ ಕೊಡುವ ಹಬ್ಬದಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಬರುವ ಪೀಟ್ ಪಾತ್ರವನ್ನೇ ನೋಡಿ. 2011ರಲ್ಲಿ ಡೋರ್ಡ್ರೆಕ್ಟ್‌ನಲ್ಲಿ ‘ಇದು ಜನಾಂಗೀಯತೆ’ ಅಂತ ಬರೆದ ಟೀ ಶರ್ಟ್ ಹಾಕಿ ನಿಂತಿದ್ದ ಪ್ರತಿಭಟನಕಾರರನ್ನು ಪೊಲೀಸರು ಹಿಡಿದೊಯ್ದರು. 2017ರಲ್ಲಿ ಪ್ರತಿಭಟನೆಗೆ ಹೊರಟ ಬಸ್ಸುಗಳನ್ನು ಪೀಟ್ ಪರ ಇದ್ದವರು ಫ್ರೀಸ್‌ಲ್ಯಾಂಡ್‌ನ ಹೆದ್ದಾರಿಯಲ್ಲೇ ಅಡ್ಡಗಟ್ಟಿದರು. ಅಡ್ಡಗಟ್ಟಿದವರಿಗೆ ಆಮೇಲೆ ಶಿಕ್ಷೆಯಾಯಿತು. 2020ರಲ್ಲಿ ರುಟ್ಟೆ ಸಂಸತ್ತಿನಲ್ಲಿ ತಮ್ಮ ಅಭಿಪ್ರಾಯ ಬದಲಾಗಿದೆ ಅಂದರು. ಈಗ ಎಷ್ಟೋ ಊರುಗಳಲ್ಲಿ ಪೀಟ್ ಮುಖದಲ್ಲಿ ಬರೀ ಚಿಮಣಿಯ ಮಸಿಯ ಗೆರೆ. ನನ್ನ ಮಗಳಿಗೆ ಆ ಹಬ್ಬ ಅಂದರೆ ಪ್ರಾಣ, ಅವಳಿಗೆ ಗೊತ್ತಿರುವುದು ಮಸಿಯ ಪೀಟ್ ಮಾತ್ರ.

ಗುಲಾಮಗಿರಿಗೆ 2022ರ ಡಿಸೆಂಬರ್‌ನಲ್ಲಿ ಪ್ರಧಾನಿ, 2023ರ ಜುಲೈ 1ರಂದು ರಾಜ, ಇಬ್ಬರೂ ಕ್ಷಮೆ ಕೇಳಿದರು. ಜಗಳ ಆಡುತ್ತಾ ಆಡುತ್ತಾ ಈ ಸಮಾಜ ಮುಂದೆ ಹೋಗಿದೆ.

ಇತಿಹಾಸಪ್ರಿಯ, ಧಾರವಾಡ

ಒಂದು ಸಣ್ಣ ಸೇರ್ಪಡೆ. 2017ರ ಸರ್ಕಾರ ಶಾಲಾ ಮಕ್ಕಳು ರಾಷ್ಟ್ರಗೀತೆ ಕಲಿಯಬೇಕು ಅಂತ ಒಪ್ಪಂದದಲ್ಲೇ ಬರೆಯಿತು. ಆ ಗೀತೆ ಜರ್ಮನಿಯ ಡಿಲೆನ್‌ಬರ್ಗ್‌ನಲ್ಲಿ ಹುಟ್ಟಿ, ಸ್ಪೇನ್ ವಿರುದ್ಧ ಡಚ್ಚರ ದಂಗೆ ಮುನ್ನಡೆಸಿದ ವಿಲಿಯಮ್ ಆಫ್ ಆರೆಂಜ್ ಬಾಯಲ್ಲಿ ಬರುತ್ತದೆ. ಮೊದಲ ಚರಣದಲ್ಲೇ ಅವನು ಸ್ಪೇನ್ ರಾಜನನ್ನು ಯಾವಾಗಲೂ ಗೌರವಿಸಿದ್ದೇನೆ ಅನ್ನುತ್ತಾನೆ. ದಂಗೆ ಎದ್ದಿದ್ದು ಅದೇ ರಾಜನ ಆಡಳಿತದ ವಿರುದ್ಧ! ಎರಡು ನಿಷ್ಠೆಗಳ ನಡುವಿನ ಸಂಕಟ ಈ ದೇಶದ ಗೀತೆಯಲ್ಲೇ ಇದೆ. ಮೊರಾಕ್ಕೊ ಮೂಲದ ಮಕ್ಕಳಿಗೆ ಈ ಸಾಲನ್ನು ಅರ್ಥ ಬಿಡಿಸಿ ಕಲಿಸಿದರೆ ಚೆನ್ನಾಗಿರುತ್ತದೆ.

ವೆಲ್ಡ್‌ಹೋವನ್ ವಾಸಿ

ಎಲ್ಲರಿಗೂ ಧನ್ಯವಾದ. ನಾನು ಅರ್ಜಿ ಹಾಕಬೇಕು ಅಂತಲೇ ಇದ್ದೇನೆ. ಮತ ಹಾಕುವ ಹಕ್ಕು ಬೇಕು. ಸಂಸತ್ತಿನಲ್ಲಿ ಈ ಕಾನೂನುಗಳ ಬಗ್ಗೆ ಕೈ ಎತ್ತುವವರನ್ನು ಆರಿಸುವಾಗ ನನ್ನದೂ ಒಂದು ಮತ ಇರಲಿ. ಹಾವೇರಿ ಕಡೆ ಅಪ್ಪನ ಜಮೀನಿನ ಬಗ್ಗೆ ಚಿಂತೆ ಇದೆ, ಓಸಿಐ ಇದ್ದರೆ ಏನಾಗುತ್ತದೆ? ಮಗ ಇಲ್ಲೇ ಹುಟ್ಟಿದವನು, ಅವನ ಗತಿ ಏನು? ವಕೀಲೆ ಮೇಡಂ, ಹೇಳುತ್ತೀರಾ?

ವಕೀಲೆ, ಹೇಗ್

ಓಸಿಐ ಇದ್ದವರು ಕೃಷಿ ಜಮೀನು ಕೊಂಡುಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಭಾರತದಲ್ಲಿ ಮತ ಇಲ್ಲ, ಸರ್ಕಾರಿ ಹುದ್ದೆ ಇಲ್ಲ.

ಮಗುವಿನ ವಿಷಯ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಡಚ್ ಆಗುವುದಿಲ್ಲ. ನಿಮ್ಮ ಅರ್ಜಿಯಲ್ಲೇ ಮಗನ ಹೆಸರನ್ನೂ ಸೇರಿಸಿ, ನಿಮ್ಮ ಜೊತೆಗೇ ಅವನಿಗೂ ಸಿಗುತ್ತದೆ. ನೀವು ಅರ್ಜಿ ಹಾಕದೇ ಹೋದರೂ, ಹುಟ್ಟಿದಾಗಿನಿಂದ ಇಲ್ಲೇ ಕಾನೂನುಬದ್ಧವಾಗಿ ವಾಸವಿದ್ದರೆ 18 ತುಂಬಿದ ಮೇಲೆ ಅವನೇ ಸರಳ ವಿಧಾನದಲ್ಲಿ ಕೇಳಬಹುದು. ಮೂರನೇ ತಲೆಮಾರಿಗೆ ಬೇರೆಯೇ ನಿಯಮ ಇದೆ. ಹುಟ್ಟುವ ಹೊತ್ತಿಗೆ ಅಪ್ಪನೋ ಅಮ್ಮನೋ ಇಲ್ಲಿನ ವಾಸಿಯಾಗಿದ್ದು, ಅವರು ಹುಟ್ಟಿದಾಗ ಅವರ ಹೆತ್ತವರೂ ಇಲ್ಲಿನ ವಾಸಿಯಾಗಿದ್ದರೆ ಮಗು ಹುಟ್ಟಿನಿಂದಲೇ ಡಚ್.

ಇನ್ನು ಸಮಾರಂಭದ ಪ್ರಮಾಣ. 2009ರಿಂದ ಅದು ಕಡ್ಡಾಯ. ದೇವರ ಹೆಸರಿನಲ್ಲಾದರೂ ಹೇಳಬಹುದು, ಸುಮ್ಮನೆ ಮಾತು ಕೊಟ್ಟರೂ ಸಾಕು. ಸಾಂವಿಧಾನಿಕ ವ್ಯವಸ್ಥೆಯನ್ನು, ಅದರ ಸ್ವಾತಂತ್ರ್ಯ ಮತ್ತು ಹಕ್ಕುಗಳನ್ನು ಗೌರವಿಸುತ್ತೇನೆ, ಪೌರನ ಕರ್ತವ್ಯ ನಿಷ್ಠೆಯಿಂದ ಮಾಡುತ್ತೇನೆ ಅಂತ ಅದರಲ್ಲಿದೆ. ಹಬ್ಬ, ಊಟ, ಉಡುಪು, ಧರ್ಮ ಯಾವುದರ ಮಾತೂ ಇಲ್ಲ. ಕಾನೂನು ಹೊಸಬರಿಂದ ಬಾಯಿಬಿಟ್ಟು ಕೇಳುವ ಮಾತು ಇಷ್ಟೇ. ಟಿವಿ ಚರ್ಚೆಯಲ್ಲಿ ಯಾರಾದರೂ ಜಾಸ್ತಿ ಕೇಳಿದರೆ ಈ ವಾಕ್ಯ ತೋರಿಸಿ.

ಕೋಲಾರದ ಹುಡುಗ

ವೆಲ್ಡ್‌ಹೋವನ್ ಅಣ್ಣ, ಪರೀಕ್ಷೆಗೆ ಓದುವಾಗ ಹೇಳಿ. ಗ್ರಂಥಾಲಯಗಳಲ್ಲಿ ಭಾಷಾ ಕೂಟ ನಡೆಯುತ್ತದೆ. ನಿವೃತ್ತ ಹಿರಿಯರು ಕೂತು ಡಚ್ ಮಾತಾಡಿಸುತ್ತಾರೆ, ದುಡ್ಡು ಕೇಳುವುದಿಲ್ಲ. ಸಿರಿಯಾದವರು, ಎರಿಟ್ರಿಯಾದವರು ಬಹಳ ಜನ ಬರುತ್ತಾರೆ. ನಮ್ಮವರು ಕಡಿಮೆ.

ವೆಲ್ಡ್‌ಹೋವನ್ ವಾಸಿ

ಖಂಡಿತ ಬರುತ್ತೇನೆ. ನನ್ನ ಹೆಂಡತಿಗೂ ಆಸಕ್ತಿ ಇದೆ. ಜಾಗ ಮತ್ತು ಸಮಯ ಇಲ್ಲೇ ಹಾಕಿಬಿಡಿ, ಉಳಿದವರಿಗೂ ಉಪಯೋಗ ಆಗುತ್ತದೆ.